ಹಸುಗೂಸಿನ ಕಿವಿ: ಒಳಗೆ ಕಡ್ಡಿ ಬೇಡ, ಕೇಳುತ್ತದೆಯೇ ಎಂದು ನೋಡಿ

ಕಾಸರಗೋಡು: ಗಡಿನಾಡಿನ ಮನೆಗಳಲ್ಲಿ ಆಡುವ ಭಾಷೆ ಕನ್ನಡವೋ ತುಳುವೋ ಮಲಯಾಳವೋ ಕೊಂಕಣಿಯೋ ಇರಲಿ, ಬಾಣಂತಿ ಕೋಣೆಯ ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಬೆಳಗಾದರೆ ಮಗುವಿಗೆ ತೆಂಗಿನೆಣ್ಣೆ ಹಚ್ಚಿ, ಕೈಕಾಲು ನೀವಿ, ಹದ ಬಿಸಿನೀರಿನಲ್ಲಿ ಮೀಯಿಸುವುದು. ಅಜ್ಜಿಯೋ, ಮೀಯಿಸಲೆಂದೇ ಬರುವ ಹೆಂಗಸೋ ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಮನೆಯವರ ಕಣ್ಣೆಲ್ಲ ಅಲ್ಲೇ. ಕೊನೆಗೆ ಬರುವುದು ಕಿವಿಯ ಸರದಿ. ಎರಡೂ ಕಿವಿಗೆ ಎರಡೆರಡು ಹನಿ ಎಣ್ಣೆ, ಮಿಂದ ಮೇಲೆ ಬಾಯಿಯಿಂದ ಕಿವಿಯೊಳಗೆ ಒಂದು ಊದು, ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ ಒಳಗಿದ್ದದ್ದನ್ನು ತೆಗೆಯುವುದು.

ಈಗ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಮನೆಗೆ ಹೊರಡುವಾಗ "ಕಿವಿಗೆ, ಮೂಗಿಗೆ ಎಣ್ಣೆ ಹಾಕಬೇಡಿ" ಎಂದು ನರ್ಸ್ ಹೇಳಿ ಕಳುಹಿಸುತ್ತಾರೆ. ಯಾಕೆ ಎಂದು ವಿವರಿಸಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಮಾತು ಶುರುವಾಗುತ್ತದೆ. "ಆಸ್ಪತ್ರೆಯಲ್ಲಿ ಬೇಡ ಅಂತ ಹೇಳಿದ್ದಾರೆ ಅತ್ತೆ" ಎಂದು ಸೊಸೆ ಮೆಲ್ಲಗೆ ಹೇಳಿದರೆ, "ನಿನ್ನ ಗಂಡನಿಗೂ ನಾನೇ ಹಾಕಿದ್ದು, ಅವನ ಕಿವಿಗೆ ಎಂತ ಆಗಿದೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅತ್ತೆಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಬೇಕಾದರೆ ಕಿವಿಯೊಳಗೆ ಏನಿದೆ ಎಂದು ಸ್ವಲ್ಪ ತಿಳಿದುಕೊಳ್ಳಬೇಕು.

ಗುಗ್ಗೆ ಎಂದರೆ ಕೊಳೆಯೇ?

ಹೊರಗೆ ಕಾಣುವ ಕಿವಿಯಿಂದ ಒಳಕ್ಕೆ ಒಂದು ಸಣ್ಣ ನಾಳ ಹೋಗುತ್ತದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ಅಂದರೆ ಒಂದು ಇಂಚು. ಹಸುಗೂಸಿನಲ್ಲಿ ಅದು ಇನ್ನೂ ಗಿಡ್ಡ, ಇನ್ನೂ ಸಪೂರ. ನಾಳದ ತುದಿಯಲ್ಲಿ ತಮಟೆಗೆ ಬಿಗಿದ ಚರ್ಮದ ಹಾಗೆ ಒಂದು ತೆಳು ಪೊರೆ ಇದೆ. ಕಿವಿ ತಮಟೆ ಎನ್ನುವುದು ಅದನ್ನೇ. ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ, ಒಂದು ಹಾಳೆ ಕಾಗದದಷ್ಟು. ಅದರ ಹಿಂದೆ ನಡುಗಿವಿ, ಅಲ್ಲಿ ಒಂದಕ್ಕೊಂದು ತಾಗಿಕೊಂಡ ಮೂರು ಪುಟ್ಟ ಎಲುಬುಗಳು. ಮನುಷ್ಯನ ದೇಹದ ಅತಿ ಸಣ್ಣ ಎಲುಬುಗಳು ಇವು. ಶಬ್ದಕ್ಕೆ ತಮಟೆ ಅದುರುತ್ತದೆ, ಎಲುಬುಗಳು ಆ ಅದುರನ್ನು ಒಳಗಿವಿಗೆ ದಾಟಿಸುತ್ತವೆ.

ನಾಳದ ಹೊರಭಾಗದ ಚರ್ಮದಲ್ಲಿರುವ ಗ್ರಂಥಿಗಳಿಂದ ಬರುವ ಜಿಡ್ಡು, ಉದುರಿದ ಚರ್ಮದ ಪುಡಿ, ಧೂಳು ಸೇರಿ ಗುಗ್ಗೆಯಾಗುತ್ತದೆ. ಮಲಯಾಳದಲ್ಲಿ ಇದು ಚೆವಿಕ್ಕಾಯಂ, ತಮಿಳಿನಲ್ಲಿ ಕುರುಂಬಿ, ತೆಲುಗಿನಲ್ಲಿ ಗುಲಿಮಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರು ಕೇಳುವ ಮರಾಠಿಯಲ್ಲಂತೂ ಮಳ ಎಂದೇ ಹೆಸರು. ಮೈಯ ಕೊಳೆಗೂ ಕಿವಿಯ ಗುಗ್ಗೆಗೂ ಅಲ್ಲಿ ಒಂದೇ ಶಬ್ದ. ತಪ್ಪು ತಿಳಿವಳಿಕೆಯ ಬುಡ ಇಲ್ಲೇ ಇರುವುದು. ಗುಗ್ಗೆ ಸ್ವಲ್ಪ ಹುಳಿ ಗುಣದ್ದು, ಆದ್ದರಿಂದ ಅದರಲ್ಲಿ ರೋಗಾಣು, ಬೂಸು ಸುಲಭವಾಗಿ ಬೆಳೆಯುವುದಿಲ್ಲ. ನೀರು ಚರ್ಮಕ್ಕೆ ಇಳಿಯದಂತೆ ತಡೆಯುತ್ತದೆ, ಧೂಳನ್ನು ಹಿಡಿದು ನಿಲ್ಲಿಸುತ್ತದೆ. ತೋಟಕ್ಕೆ ಬೇಲಿ ಇದ್ದ ಹಾಗೆ ಕಿವಿಗೆ ಇದು ಕಾವಲು.

ಇನ್ನೂ ಒಂದು ವಿಶೇಷವಿದೆ. ಕಿವಿ ನಾಳದ ಚರ್ಮ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸರಿಯುತ್ತಲೇ ಇರುತ್ತದೆ. ಅದರ ಜೊತೆ ಗುಗ್ಗೆಯೂ ಹೊರಬಾಗಿಲಿಗೆ ಬರುತ್ತದೆ. ಮಗು ಹಾಲು ಚೀಪುವಾಗ ದವಡೆ ಅಲುಗುವುದು ಇದಕ್ಕೆ ಇನ್ನಷ್ಟು ಸಹಾಯ. ಹೊರಗೆ ಬಂದ ಗುಗ್ಗೆ ಮೀಯಿಸುವಾಗ, ಒರೆಸುವಾಗ ತಾನೇ ಹೋಗುತ್ತದೆ. ಒಳಗಿನ ಗುಡಿಸುವ ಕೆಲಸಕ್ಕೆ ಯಾರ ಕೈಯೂ ಬೇಕಾಗಿಲ್ಲ.

ಎಣ್ಣೆಯಿಂದ ಆಗುವುದೇನು?

ಮೈಗೆ ಎಣ್ಣೆ ಹಚ್ಚುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಮೆತ್ತಗಿನ ಕೈಯ ನೀವಿಕೆ ಮಗುವಿಗೆ ಹಿತ, ಚರ್ಮಕ್ಕೂ ಒಳ್ಳೆಯದು. ತಕರಾರು ಇರುವುದು ಕಿವಿಯ ತೂತಿಗೆ ಹನಿ ಬಿಡುವುದರ ಬಗ್ಗೆ.

ಎಣ್ಣೆ ಗುಗ್ಗೆಯ ಜೊತೆ ಸೇರಿ ಅಂಟಂಟಾಗುತ್ತದೆ, ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ, ಸ್ನಾನದ ನೀರೂ ಸೇರಿ ನಾಳ ಹಸಿಯಾಗಿಯೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗದ ಈ ಜಿಲ್ಲೆಯಲ್ಲಿ ಬೆಚ್ಚಗೆ, ಹಸಿಯಾಗಿ ಇರುವ ಜಾಗದಲ್ಲಿ ಬೂಸು ಬರುವುದು ಹೊಸ ವಿಷಯವೇನಲ್ಲ. ಚಪ್ಪಲಿಗೆ ಬರುತ್ತದೆ, ಗೋಡೆಗೆ ಬರುತ್ತದೆ, ಕಿವಿಯೊಳಗೂ ಬರುತ್ತದೆ. ಬೂಸು ಹಿಡಿದ ಕಿವಿ ತುರಿಸುತ್ತದೆ, ನೋಯುತ್ತದೆ, ಸೋರುತ್ತದೆ.

ಬಚ್ಚಲಿನ ಎಣ್ಣೆ ಕುಪ್ಪಿಯ ಸಂಗತಿಯೂ ಎಲ್ಲರಿಗೆ ಗೊತ್ತಿರುವುದೇ. ಅದೇ ಬೆರಳು ಅದ್ದಿ, ಅದೇ ಬೆರಳಿನಿಂದ ಮಗುವಿನ ಮೈ ಮುಟ್ಟಿ, ಮತ್ತೆ ಅದ್ದುವುದು. ಕಿವಿ ತಮಟೆಯಲ್ಲಿ ಮೊದಲೇ ಸಣ್ಣ ತೂತು ಇದ್ದರೆ ಆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ತೂತು ಇದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಇನ್ನೂ ಅಪಾಯ. ನಮ್ಮ ಬೆರಳಿಗೆ ಬೆಚ್ಚಗೆನಿಸಿದ್ದು ಆ ತೆಳು ಚರ್ಮವನ್ನು ಸುಡಬಹುದು, ಸುಟ್ಟಿತು ಎಂದು ಹೇಳಲು ಕೂಸಿಗೆ ಬಾಯಿಲ್ಲ. ಎದೆಹಾಲು ಹಿಂಡುವುದೂ ಇದೇ ಸಾಲಿಗೆ ಸೇರಿದ್ದು. ಹೊಟ್ಟೆಗೆ ಅಮೃತವಾದ ಹಾಲು ಕಿವಿಯಲ್ಲಿ ನಿಂತರೆ ಕೆಡುತ್ತದೆ. ಬಾಯಿಯಿಂದ ಊದುವಾಗ ಊದುವವರ ಶೀತ, ಕೆಮ್ಮು ಮಗುವಿಗೆ ದಾಟುತ್ತದೆ. ಆಯುರ್ವೇದದಲ್ಲಿ ಕಿವಿಗೆ ಎಣ್ಣೆ ತುಂಬುವ ಚಿಕಿತ್ಸೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ವೈದ್ಯರು ನೋಡಿ, ಬೇಕಾದವರಿಗೆ ಮಾಡುವ ಚಿಕಿತ್ಸೆ. ಎಳೆಗೂಸಿಗೆ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಮಾಡುವ ಕೆಲಸಕ್ಕೆ ಅದನ್ನು ಆಧಾರವಾಗಿ ಹಿಡಿಯುವುದು ಸರಿಯಲ್ಲ.

ಹಾಗಾದರೆ ಅತ್ತೆಯ ಮಗನಿಗೆ ಏನೂ ಆಗಲಿಲ್ಲ ಯಾಕೆ? ಹೆಚ್ಚಿನ ಮಕ್ಕಳ ಕಿವಿ ತನ್ನನ್ನು ತಾನು ಗುಡಿಸುವ ಜೊತೆಗೆ ಆ ಎಣ್ಣೆಯನ್ನೂ ಹೊರಹಾಕಿರುತ್ತದೆ. ಆದರೆ ಆಗಿನ ಕಾಲದಲ್ಲಿ ಕಿವಿ ಸೋರುವ ಮಕ್ಕಳು ಊರಲ್ಲಿ ಎಷ್ಟಿದ್ದರು ಎಂಬುದನ್ನೂ ನೆನಪು ಮಾಡಿಕೊಳ್ಳಬೇಕು. "ಮಕ್ಕಳ ಕಿವಿ ಸೋರುವುದು ಇದ್ದದ್ದೇ, ದೊಡ್ಡವರಾಗುವಾಗ ನಿಲ್ಲುತ್ತದೆ" ಎಂದು ಬಿಟ್ಟವರೇ ಹೆಚ್ಚು. ಸೋರುವುದು ನಿಂತ ಮೇಲೂ ಒಂದು ಕಿವಿ ಮಂದವಾಗಿ ಉಳಿದವರು ಪ್ರತಿ ಊರಿನಲ್ಲಿ ಸಿಗುತ್ತಾರೆ. ಎಲ್ಲಕ್ಕೂ ಎಣ್ಣೆಯೇ ಕಾರಣ ಎನ್ನುವ ಹಾಗಿಲ್ಲ, ಆದರೆ ಎಣ್ಣೆಯಿಂದ ಯಾರಿಗೂ ತೊಂದರೆ ಆಗಿಲ್ಲ ಎನ್ನುವುದಕ್ಕೂ ಲೆಕ್ಕವಿಲ್ಲ.

ಮಗುವಿಗಾಗಿಯೇ ಹುಟ್ಟಿದ ಹತ್ತಿ ಕಡ್ಡಿ

ಅಂಗಡಿಯಲ್ಲಿ ಸಿಗುವ ಹತ್ತಿ ಕಡ್ಡಿ ಹುಟ್ಟಿದ್ದು ಅಮೆರಿಕದಲ್ಲಿ, 1923ರಲ್ಲಿ. ಲಿಯೋ ಗರ್ಸ್ಟೆನ್‌ಜಾಂಗ್ ಎಂಬವರು ತಮ್ಮ ಹೆಂಡತಿ ಹಲ್ಲುಕಡ್ಡಿಗೆ ಹತ್ತಿ ಸಿಕ್ಕಿಸಿ ಮಗುವನ್ನು ಶುಚಿ ಮಾಡುವುದನ್ನು ಕಂಡು ಅದನ್ನೇ ತಯಾರಿಸಿ ಮಾರತೊಡಗಿದರಂತೆ. ಮುಂದೆ ಅದು ಕ್ಯೂ ಟಿಪ್ಸ್ ಎಂದು ಪ್ರಸಿದ್ಧವಾಯಿತು. ವಿಚಿತ್ರವೆಂದರೆ, 1970ರ ದಶಕದಿಂದ ಅದೇ ಪೆಟ್ಟಿಗೆಯ ಮೇಲೆ ಕಿವಿ ನಾಳದೊಳಗೆ ಹಾಕಬೇಡಿ ಎಂಬ ಎಚ್ಚರಿಕೆ ಅಚ್ಚಾಗುತ್ತಿದೆ. ಮಾರುವವರೇ ಬೇಡವೆಂದರೂ ಕೊಳ್ಳುವವರು ಕೇಳುವುದಿಲ್ಲ. ಅಮೆರಿಕದಲ್ಲಿ 1990ರಿಂದ 2010ರ ನಡುವೆ ಹತ್ತಿ ಕಡ್ಡಿಯಿಂದ ಕಿವಿಗೆ ಗಾಯವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮಕ್ಕಳು ಸುಮಾರು 2 ಲಕ್ಷ 63 ಸಾವಿರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ದಿನಕ್ಕೆ 34 ಮಕ್ಕಳು. ನಾಲ್ಕರಲ್ಲಿ ಮೂರು ಪಾಲಿನಷ್ಟು ಗಾಯಗಳು ಆದದ್ದು ಕಿವಿ ಶುಚಿ ಮಾಡುವಾಗಲೇ.

ಕಡ್ಡಿ ಹೊರಗೆ ತರುವ ಗುಗ್ಗೆ ಸ್ವಲ್ಪ, ಒಳಕ್ಕೆ ದೂಡುವುದು ಹೆಚ್ಚು. ನಾಡಕೋವಿಗೆ ಮದ್ದು ಜಡಿದ ಹಾಗೆ ಗುಗ್ಗೆ ತಮಟೆಯ ಬಳಿ ಗಟ್ಟಿಯಾಗುತ್ತದೆ. ಮಗು ತಲೆ ಹೊರಳಿಸಿದರೆ ತಮಟೆಯೇ ಹರಿಯಬಹುದು. 2022ರ ಜುಲೈ 1ರಿಂದ ಭಾರತದಲ್ಲಿ ಪ್ಲಾಸ್ಟಿಕ್ ಕಡ್ಡಿಯ ಬಡ್ಸ್ ನಿಷೇಧವಾಗಿದೆ, ಈಗ ಕಾಗದದ್ದು, ಬಿದಿರಿನದು ಬರುತ್ತಿವೆ. ಇದು ಪರಿಸರಕ್ಕೆ ಒಳಿತು, ಕಿವಿಗೆ ಎರಡೂ ಒಂದೇ. ಸೇಫ್ಟಿ ಪಿನ್, ಕೂದಲ ಕ್ಲಿಪ್, ಬೆಂಕಿಕಡ್ಡಿಗಳ ಮಾತು ಹೇಳುವುದೇ ಬೇಡ. ಇತ್ತೀಚೆಗೆ ಮೊಬೈಲಿಗೆ ಜೋಡಿಸುವ, ಕ್ಯಾಮೆರಾ ಇರುವ ಗುಗ್ಗೆ ಕಡ್ಡಿಯೂ ಆನ್‌ಲೈನಿನಲ್ಲಿ ಸಿಗುತ್ತಿದೆ. ಪರದೆಯಲ್ಲಿ ಕಂಡಿತು ಎಂದ ಮಾತ್ರಕ್ಕೆ ಕೈ ನಡುಗದೆ ಇರುವುದಿಲ್ಲ, ಮಗು ಅಲುಗಾಡದೆ ಇರುವುದಿಲ್ಲ.

ಮಾಡಬೇಕಾದದ್ದು ಇಷ್ಟು

ಮೀಯಿಸಿದ ಮೇಲೆ ಹಳೆಯ ಹತ್ತಿ ಬಟ್ಟೆಯ ಮೆತ್ತಗಿನ ತುಂಡನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಬೆರಳಿಗೆ ಸುತ್ತಿಕೊಂಡು ಕಿವಿಯ ಹೊರಗಿನ ಮಡಿಕೆಗಳನ್ನು ಒರೆಸಿದರೆ ಸಾಕು. ಬೆರಳು ಎಲ್ಲಿ ಹೋಗುವುದಿಲ್ಲವೋ ಅಲ್ಲಿಗೆ ಏನೂ ಹೋಗಬಾರದು. ಕಿವಿಯ ಬಾಯಲ್ಲಿ ಕಾಣುವ ಗುಗ್ಗೆಯನ್ನು ಅದೇ ಬಟ್ಟೆಯಿಂದ ತೆಗೆಯಬಹುದು.

ಹೆಚ್ಚು ಗಮನ ಬೇಕಾದದ್ದು ಕಿವಿಯ ಹಿಂಭಾಗಕ್ಕೆ. ಕುಡಿದ ಹಾಲು ಕಟವಾಯಿಯಿಂದ ಇಳಿದು ಅಲ್ಲಿ ಸೇರುತ್ತದೆ, ಬೆವರು, ಎಣ್ಣೆ ಕೂಡಿ ಸಿಪ್ಪೆ ಕಟ್ಟುತ್ತದೆ, ಚರ್ಮ ಬಿರಿಯುತ್ತದೆ. ಎಷ್ಟೋ ಮನೆಗಳಲ್ಲಿ ಕಿವಿಯ ಒಳಗಿನ ಚಿಂತೆಯಲ್ಲಿ ಈ ಹಿಂಭಾಗ ಮರೆತೇ ಹೋಗಿರುತ್ತದೆ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ನೀರಿನ ಪಸೆ ಆರಿಸಬೇಕು. ಪೌಡರ್ ಬೇಡ. ಮೀಯಿಸುವಾಗ ತಲೆಗೆ ಹೊಯ್ಯುವ ನೀರು ಕಿವಿಗೆ ಹೋಗದಂತೆ ಅಂಗೈ ಅಡ್ಡ ಹಿಡಿಯುವ ಕ್ರಮ ನಮ್ಮ ಅಜ್ಜಿಯಂದಿರಿಗೆ ಮೊದಲಿನಿಂದಲೂ ಗೊತ್ತು, ಅದು ಒಳ್ಳೆಯದು. ಸ್ವಲ್ಪ ನೀರು ಹೋದರೂ ಹೆದರಬೇಕಾಗಿಲ್ಲ, ಮಗುವನ್ನು ಆ ಬದಿಗೆ ಸ್ವಲ್ಪ ಹೊತ್ತು ವಾಲಿಸಿ ಹಿಡಿದರೆ ಇಳಿದು ಬರುತ್ತದೆ.

ಹಾಲು ಕುಡಿಸುವ ಕ್ರಮಕ್ಕೂ ಕಿವಿಗೂ ಸಂಬಂಧವಿದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ನಡುಗಿವಿಯಿಂದ ಗಂಟಲ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಕೂಸಿನಲ್ಲಿ ಗಿಡ್ಡ ಮತ್ತು ಬಹುಮಟ್ಟಿಗೆ ಅಡ್ಡ. ಹಾಗಾಗಿ ಶೀತವಾದಾಗ ಮೂಗು ಗಂಟಲಿನ ರೋಗಾಣು ಸುಲಭವಾಗಿ ಕಿವಿಗೆ ಏರುತ್ತದೆ. ಪೂರ್ತಿ ಅಂಗಾತ ಮಲಗಿಸಿ ಬಾಟಲಿ ಹಾಲು ಕೊಟ್ಟರೆ ಹಾಲೂ ಆ ದಾರಿ ಹಿಡಿಯಬಹುದು. ತಲೆ ಸ್ವಲ್ಪ ಎತ್ತರದಲ್ಲಿಟ್ಟು ಕುಡಿಸಬೇಕು. ಎದೆಹಾಲು ಕುಡಿಯುವ ಮಕ್ಕಳಲ್ಲಿ ಕಿವಿಯ ಸೋಂಕು ಕಡಿಮೆ. ಮನೆಯೊಳಗಿನ ಬೀಡಿ, ಸಿಗರೇಟ್ ಹೊಗೆ ಇದ್ದಲ್ಲಿ ಹೆಚ್ಚು. ನ್ಯುಮೋನಿಯಾ ತಡೆಯಲು ಕೊಡುವ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲೆಡೆ ಸರಕಾರಿ ಪಟ್ಟಿಯಲ್ಲಿದೆ, 6 ವಾರ, 14 ವಾರ, 9 ತಿಂಗಳಿಗೆ. ಕಿವಿ ಸೋಂಕು ತರುವ ರೋಗಾಣುಗಳಲ್ಲಿ ಒಂದಕ್ಕೆ ಅದೂ ತಡೆ.

ಕಿವಿ ಚುಚ್ಚಿಸುವ ಸಂಪ್ರದಾಯವಿರುವ ಮನೆಯವರು 6, 10, 14 ವಾರಗಳ ಪೆಂಟಾವಲೆಂಟ್ ಲಸಿಕೆ ಮುಗಿಯುವ ತನಕ ಕಾದರೆ ಮೇಲು. ಧನುರ್ವಾಯು ತಡೆಯುವ ಮದ್ದು ಅದರಲ್ಲಿದೆ. ಅಕ್ಕಸಾಲಿಗರಿರಲಿ, ಆಸ್ಪತ್ರೆಯಿರಲಿ, ಸೂಜಿ ಹೊಸತಾಗಿರಬೇಕು, ಮೆತ್ತಗಿನ ಹಾಲೆಯನ್ನು ಮಾತ್ರ ಚುಚ್ಚಬೇಕು.

ಆಸ್ಪತ್ರೆಗೆ ಯಾವಾಗ?

ಮಗು ಕಿವಿ ಎಳೆದುಕೊಂಡ ಕೂಡಲೇ ಗಾಬರಿ ಬೇಡ. ಹಲ್ಲು ಬರುವಾಗಲೂ, ನಿದ್ದೆ ಬಂದಾಗಲೂ ಎಳೆದುಕೊಳ್ಳುತ್ತವೆ. ಅದರ ಜೊತೆ ಜ್ವರ, ಮಲಗಿಸಿದರೆ ಹೆಚ್ಚುವ ಅಳು, ಹಾಲು ಬೇಡವೆನ್ನುವುದು ಇದ್ದರೆ ತೋರಿಸಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫಾರನ್‌ಹೀಟ್ ಜ್ವರ ಬಂದರೆ ಕಾರಣ ಏನೇ ಇರಲಿ, ಅದೇ ದಿನ ಆಸ್ಪತ್ರೆಗೆ. ಕಿವಿಯ ಹಿಂದೆ ನೋವಿರುವ ಬಾವು ಬಂದು ಕಿವಿ ಮುಂದಕ್ಕೆ ಚಾಚಿದಂತೆ ಕಂಡರೆ ರಾತ್ರಿಯಾದರೂ ಕಾಯಬಾರದು. ಸೋಂಕು ಎಲುಬಿಗೆ ಇಳಿದಿರಬಹುದು.

ಕಿವಿ ಸೋರುತ್ತಿದ್ದರೆ ಹತ್ತಿ ತುರುಕಿ ಮುಚ್ಚುವುದು ತಪ್ಪು. ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸುವ ಕ್ರಮ ಬೇರೆ. ಶುಚಿಯಾದ ಮೆತ್ತಗಿನ ಬಟ್ಟೆಯನ್ನು ದೀಪದ ಬತ್ತಿಯಂತೆ ಹೊಸೆದು, ಕಡ್ಡಿಯಿಲ್ಲದೆ ಕಿವಿಯ ಬಾಯಲ್ಲಿಟ್ಟು, ಒದ್ದೆಯಾದಾಗ ತೆಗೆದು ಹೊಸತು ಇಡುವುದು, ಕಿವಿ ಒಣಗುವ ತನಕ. ದಿನಕ್ಕೆ ಮೂರು ಸಲವಾದರೂ. ಇದನ್ನು ಒಮ್ಮೆ ನರ್ಸ್ ಮಾಡಿ ತೋರಿಸಿದ ಮೇಲೆಯೇ ಮನೆಯಲ್ಲಿ ಮಾಡಬೇಕು. ಹದಿನಾಲ್ಕು ದಿನ ದಾಟಿಯೂ ಸೋರುತ್ತಿದ್ದರೆ ಅದು ಹಳೆ ಕಾಯಿಲೆಯಾಗುವ ಲಕ್ಷಣ, ಕಿವಿ ತಜ್ಞರೇ ನೋಡಬೇಕು.

ಸ್ವಲ್ಪ ದೊಡ್ಡ ಮಕ್ಕಳು ಹೆಸರುಕಾಳು, ಕಡಲೆ ಹಾಕಿಕೊಳ್ಳುತ್ತಾರೆ. ನೀರು ಹೊಯ್ದರೆ ಕಾಳು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಗೊಂಬೆ, ರಿಮೋಟುಗಳ ಬಿಲ್ಲೆಯಾಕಾರದ ಬ್ಯಾಟರಿ ಹೋದರಂತೂ ಗಂಟೆಗಳೊಳಗೆ ಒಳಗಿನ ಮಾಂಸ ಸುಡುತ್ತದೆ. ಎರಡಕ್ಕೂ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಆಸ್ಪತ್ರೆಯೇ ದಾರಿ.

ಮಗುವಿಗೆ ಕೇಳುತ್ತದೆಯೇ?

ಕಿವಿಯೊಳಗೆ ಗುಗ್ಗೆ ಹುಡುಕುವ ಮನೆಯಲ್ಲಿ ಮಗುವಿಗೆ ಕೇಳುತ್ತದೆಯೇ ಎಂದು ನೋಡುವವರು ಕಡಿಮೆ. ಹುಟ್ಟುವಾಗಲೇ ಕಿವುಡಾದ ಮಗುವೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳಂತೆ ಅಳುತ್ತದೆ, ನಗುತ್ತದೆ, "ಆ, ಊ" ಎನ್ನುತ್ತದೆ. ಮಾತು ಬಾರದಿದ್ದಾಗ ಮಾತ್ರ ಅನುಮಾನ ಬರುತ್ತದೆ. "ಇವರ ಮನೆಯಲ್ಲಿ ಗಂಡು ಮಕ್ಕಳಿಗೆ ಮಾತು ತಡ" ಎಂದು ಇನ್ನೊಂದು ವರ್ಷ ಹೋಗುತ್ತದೆ. ಮೂರು ನಾಲ್ಕು ಭಾಷೆ ಆಡುವ ಗಡಿಯ ಮನೆಗಳಲ್ಲಿ "ಭಾಷೆ ಹೆಚ್ಚಾಗಿ ಗೊಂದಲ" ಎಂಬ ಸಮಾಧಾನವೂ ಸೇರುತ್ತದೆ. ಎರಡು ಭಾಷೆ ಕೇಳಿದ್ದಕ್ಕೆ ಯಾವ ಮಗುವೂ ಮೂಕಾಗುವುದಿಲ್ಲ.

ಹುಟ್ಟಿದ ಮಗು ದೊಡ್ಡ ಸದ್ದಿಗೆ ಬೆಚ್ಚಬೇಕು. ಮೂರು ನಾಲ್ಕು ತಿಂಗಳಿಗೆ ತಾಯಿಯ ದನಿಗೆ ಅಳು ನಿಲ್ಲಿಸಬೇಕು. ಆರು ತಿಂಗಳಿಗೆ ಸದ್ದು ಬಂದ ಕಡೆ ತಲೆ ತಿರುಗಿಸಬೇಕು. ಒಂಬತ್ತು ತಿಂಗಳ ಹೊತ್ತಿಗೆ "ಬಬಬ, ಮಮಮ" ಬರಬೇಕು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡುವಾಗ ಗಾಳಿ ತಾಗಿಯೂ, ನೆರಳು ಕಂಡೂ ಮಗು ತಿರುಗಬಹುದು, ಅದನ್ನು ನಂಬಬೇಡಿ.

ನಂಬಬಹುದಾದ್ದು ಆಸ್ಪತ್ರೆಯ ಒಎಇ ಪರೀಕ್ಷೆ. ಮಗು ನಿದ್ದೆಯಲ್ಲಿದ್ದಾಗ ಕಿವಿಯ ಬಾಯಲ್ಲಿ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ, ನೋವಿಲ್ಲ. ಒಂದು ತಿಂಗಳೊಳಗೆ ಈ ಪರೀಕ್ಷೆ, ದೋಷದ ಅನುಮಾನವಿದ್ದರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರು ಒಪ್ಪಿದ ಲೆಕ್ಕ. ಮೊದಲ ಸಲ ಪಾಸಾಗದಿದ್ದರೆ ಮಗು ಕಿವುಡು ಎಂದರ್ಥವಲ್ಲ. ಹುಟ್ಟುವಾಗಿನ ನೀರು, ಬಿಳಿ ಲೇಪ ನಾಳದಲ್ಲಿ ಉಳಿದರೂ ಹಾಗಾಗುತ್ತದೆ. ಅದನ್ನು ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗದೆ, ಹೇಳಿದ ದಿನ ಮತ್ತೆ ಪರೀಕ್ಷೆಗೆ ಹೋಗಬೇಕು. ತೀವ್ರ ನಿಗಾ ಘಟಕದಲ್ಲಿದ್ದ, ಕಾಮಾಲೆ ತೀರಾ ಹೆಚ್ಚಾಗಿದ್ದ, ಮಿದುಳು ಜ್ವರ ಬಂದ, ಮನೆತನದಲ್ಲಿ ಹುಟ್ಟುಕಿವುಡಿರುವ ಮಕ್ಕಳಿಗೆ ಇದು ತಪ್ಪಲೇಬಾರದು.

ಗಡಿಯಲ್ಲಿ ಈ ಮರುಪರೀಕ್ಷೆಯೇ ತಪ್ಪಿಹೋಗುವ ಭಯ. ಹೆರಿಗೆ ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ, ತವರು ಕುಂಬಳೆಯಲ್ಲಿ, ಗಂಡನ ಮನೆ ಪುತ್ತೂರಿನಲ್ಲಿ. ಆ ಚೀಟಿ ಈ ಚೀಲದಲ್ಲೋ ಆ ಕಪಾಟಿನಲ್ಲೋ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೆರಿಗೆಯಾದದ್ದೇ ಬೇರೆ ರಾಜ್ಯದಲ್ಲಿ ಎಂದ ಮೇಲೆ ಪರೀಕ್ಷೆಯ ಸುದ್ದಿ ಹೇಗೆ ತಿಳಿಯಬೇಕು? ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ಕಿವಿ ಪರೀಕ್ಷೆಯ ಕಾಗದ ಎರಡನ್ನೂ ಲಸಿಕೆ ಕಾರ್ಡಿನ ಜೊತೆಗೇ ಇಟ್ಟು, ಮೊದಲ ಲಸಿಕೆಗೆ ಹೋದ ದಿನವೇ ತೋರಿಸುವುದು ಕ್ಷೇಮ. ಕಾಗದದಲ್ಲಿ "ಪಾಸ್" ಎಂದಿದ್ದರೆ ಪಾಸು, "ರೆಫರ್" ಎಂದಿದ್ದರೆ ಮತ್ತೆ ಹೋಗಬೇಕು. ದೋಷ ಖಚಿತವಾದರೆ ಕೇರಳ ಸರಕಾರ 2012ರಲ್ಲಿ ಆರಂಭಿಸಿದ ಶ್ರುತಿತರಂಗಂ ಯೋಜನೆಯ ಬಗ್ಗೆ ವಿಚಾರಿಸಬೇಕು, ಪುಟ್ಟ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಕ್ರಿಯೆಗೆ ಇರುವಂಥದ್ದು ಅದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಂದ್ರ ಸರಕಾರದ್ದಾದ್ದರಿಂದ ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿಯವರೂ ಅಲ್ಲಿಗೆ ಹೋಗಬಹುದು, ಕನ್ನಡದಲ್ಲೇ ಮಾತನಾಡಿ ತಿಳಿದುಕೊಳ್ಳಬಹುದು.